ಕೆಂಪು ಚುಕ್ಕೆಗೆ ಸಿಕ್ಕಿದ ಲಿಫ್ಟು

“ಎಲ್ಲಿ ನಿಲ್ಲುತ್ತೆ ಅಕ್ಕಾ? ಕಾಲು ಸುಟ್ಟ ಬೆಕ್ಕಿನ ಥರ ಮೇಲೆ ಕೆಳಗೆ ಓಡಾಡ್ಕೊಂಡಿದೆ,” ಎಂದ ಫೋನಿನಲ್ಲಿ ಗಡ್ಡಪ್ಪ.

ಗಡ್ಡಪ್ಪ ಕೂತಿದ್ದದ್ದು ಊರಾಚೆಯ ಲ್ಯಾಬಿನಲ್ಲಿ, ಪರೀಕ್ಷೆಗೆಂದೇ ಇಟ್ಟ ಖಾಲಿ ಲಿಫ್ಟಿನ ಮುಂದೆ. ಅವನು ಅಕ್ಕಾ ಎಂದು ಕರೆದ ಈ ಮನೆಯ ಸೊಸೆ ಕೂತಿದ್ದದ್ದು ಊಟದ ಮೇಜಿನಲ್ಲಿ, ಲ್ಯಾಪ್‌ಟಾಪಿನ ಮುಂದೆ. ಇಬ್ಬರೂ ಕೆಲಸ ಮಾಡುವ ಕಂಪನಿಯ ಲಿಫ್ಟುಗಳು ಒಮ್ಮೊಮ್ಮೆ ಎರಡು ಮಹಡಿಗಳ ನಡುವೆಯೇ ‘ಊರು ಬಂತು’ ಅಂದುಕೊಂಡು ಬಾಗಿಲು ತೆರೆಯುತ್ತಿದ್ದವು. ಕಾರಣ ಹಿಡಿಯಲೆಂದು ಸೊಸೆ, ಬಾಗಿಲು ತೆರೆಯುವ ಸಾಲಿನ ಮೇಲೆ ಕೆಂಪು ಚುಕ್ಕೆಯೊಂದನ್ನು ಇಟ್ಟಿದ್ದಳು. ಬ್ರೇಕ್‌ಪಾಯಿಂಟ್ ಅಂದರೆ ಅದೇ. ಲಿಫ್ಟಿನ ಪ್ರೋಗ್ರಾಂ ಆ ಸಾಲಿಗೆ ಬಂದ ಕೂಡಲೇ, ಇದ್ದಲ್ಲೇ ಉಸಿರು ಬಿಗಿಹಿಡಿದು ನಿಲ್ಲಬೇಕು.

ನಿಂತರೆ ತಾನೆ. ಚುಕ್ಕೆ ತೆಗೆದು ಮತ್ತೆ ಇಟ್ಟಳು. ಲಿಫ್ಟಿನೊಳಗಿನ ಪ್ರೋಗ್ರಾಮನ್ನೂ ತನ್ನ ಮುಂದಿನದನ್ನೂ ತಾಳೆ ನೋಡಿದಳು, ಅವಳಿ ಜವಳಿ. ಇನ್ನು ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

“ಆಗಿಂದ ಒಂದು ಚುಕ್ಕೆ ಕಾಯ್ತಾ ಕೂತಿದೀಯಲ್ಲ, ಓಡಿಹೋಗುತ್ತಾ ಅದು?” ಅತ್ತೆ ಚಪ್ಪಲಿ ಮೆಟ್ಟಿಕೊಂಡರು. “ನಾನು ಕನ್ನಡಕ ರಿಪೇರಿಗೆ ಕೊಟ್ಟು ಬರ್ತೀನಿ. ಒಲೆ ಮೇಲೆ ಹಾಲಿದೆ, ಅದನ್ನ ಕಾಯಿ. ಉಕ್ಕಿ ಓಡಿಹೋಗೋದು ಅದು.”

“ಹೂಂ ಅತ್ತೆ,” ಎಂದಳು ತಲೆ ಎತ್ತದೆ.

ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಪ್ರೋಗ್ರಾಂ ಚುಕ್ಕೆಯ ಮೇಲೆ ನಿಂತಿತ್ತು.

“ಸಿಕ್ಕಿಬಿದ್ದ ಕಣೋ ಕಳ್ಳ. ಲಿಫ್ಟು ಎರಡು ಮಹಡಿ ಮಧ್ಯೆ ಇದೆ, ಆದ್ರೂ ಬಾಗಿಲು ತೆಗೆಯೋಕೆ ಹೊರಟಿದೆ. ಒಳಗೆ ಒಂದಾಳಿನ ಭಾರ ಬೇರೆ ತೋರಿಸ್ತಿದೆ.”

“ಆಳೆಲ್ಲಿಂದ ಬಂದ? ಇದು ಖಾಲಿ ಪೆಟ್ಟಿಗೆ, ಇನ್ನೂ ಓಡಾಡ್ತಾನೇ ಇದೆ. ನಿನ್ನ ಲ್ಯಾಪ್‌ಟಾಪಿಗೆ ತಲೆ ಕೆಟ್ಟಿದೆ, ಮುಂದಕ್ಕೆ ಬಿಟ್ಟುಬಿಡಕ್ಕಾ.”

ಬಿಡಲೆಂದು ಕೀಲಿಯ ಮೇಲೆ ಬೆರಳಿಟ್ಟಳು. ಆಗ ಗಂಟೆ ಹೊಡೆಯಿತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒತ್ತುವ ಗಂಟೆ.

“ಯಾಕೋ ಗಂಟೆ ಒತ್ತಿದೆ?”

“ನಾನೆಲ್ಲಿ ಒತ್ತಿದೆ? ಅದು ನಿನ್ನ ಕಡೆಯಿಂದ ಕೇಳಿಸ್ತಿದೆ.”

ಗಂಟೆ ಬರುತ್ತಿದ್ದದ್ದು ಅವಳ ಮನೆಬಾಗಿಲಿನಾಚೆಯಿಂದ. ಅಲ್ಲಿದ್ದದ್ದೂ ಅವರ ಕಂಪನಿಯದೇ ಲಿಫ್ಟು; ಹೋದ ವಾರ ಅವಳು ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ನೋಡಿದ್ದಳು. ಲ್ಯಾಪ್‌ಟಾಪ್ ಆ ಲಿಫ್ಟಿನ ವಿಳಾಸವನ್ನೇ ನೆನಪಿಟ್ಟುಕೊಂಡಿತ್ತು, ಇವಳು ಬದಲಿಸಲು ಮರೆತಿದ್ದಳು. ಚುಕ್ಕೆ ಬಿದ್ದದ್ದು ಲ್ಯಾಬಿನ ಲಿಫ್ಟಿಗಲ್ಲ, ಇದಕ್ಕೆ. ಕಟ್ಟಡವೆಲ್ಲ ತೂಕಡಿಸುವ ಮಧ್ಯಾಹ್ನ. ಅವರ ಮಹಡಿಯಲ್ಲೇ ಬಾಯಿ ತೆರೆದು ನಿಂತಿದ್ದ ಲಿಫ್ಟಿಗೆ ಆಗಿಂದ ಕಾಲಿಟ್ಟವರು ಅತ್ತೆ ಒಬ್ಬರೇ.

ಕೆಂಡ ಮುಟ್ಟಿದವಳ ಹಾಗೆ ಬೆರಳು ಎಳೆದುಕೊಂಡಳು. ಆ ಕೀಲಿ ಒತ್ತಿದ್ದರೆ ಬಾಗಿಲು ತೆರೆಯುತ್ತಿತ್ತು, ಆಚೆ ಕಾಲಿಡಲು ನೆಲ ಇರುತ್ತಿರಲಿಲ್ಲ. ‘ತೆರೆ’ ಎಂದಿದ್ದನ್ನು ‘ಮುಚ್ಚಿರು’ ಎಂದು ತಿದ್ದಿದಳು, ಚುಕ್ಕೆ ಕಿತ್ತಳು, ಕಣ್ಣುಮುಚ್ಚಿ ಮುಂದಕ್ಕೆ ಬಿಟ್ಟಳು. ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು.

ಕೆಳಗೆ ಲಿಫ್ಟು ನೆಲಕ್ಕೆ ಸರಿಯಾಗಿ ಬಂದು ನಿಂತಿತು. ಬಾಗಿಲು ಸರಿಯಿತು. ಸರಿದದ್ದೇ ತಡ, ಅತ್ತೆ ಹಿಮ್ಮುಖವಾಗಿ ಬಂದು ಸೊಸೆಯ ತೋಳಿಗೆ ಬಿದ್ದರು.

“ಕಾಲು ನೋಯ್ತು ಅಂತ ಬಾಗಿಲಿಗೆ ಒರಗಿ ನಿಂತಿದ್ದೆ ಕಣೆ,” ಎಂದರು ಸೆರಗು ಸರಿಮಾಡಿಕೊಳ್ಳುತ್ತಾ. “ಹಾಲು ಇಳಿಸಿದೆ ತಾನೆ?”