ಊಟಕ್ಕೆ ಕರೆಯುವ ದನಿ

ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗೆ ಆಸ್ಪತ್ರೆಯವರು ಮನೆಯ ಹಳೆಯ ವಿಡಿಯೋಗಳಿಂದ ಅವರದೇ ದನಿ ಹೆಕ್ಕಿ, ಮಾತಾಡಲು ಕೊಡುವ ಯಂತ್ರದಲ್ಲಿ ಕೂರಿಸಿಕೊಡುತ್ತಿದ್ದರು. ಚಂಪಾಳದ್ದು ಸಿಕ್ಕಿದ್ದು ಒಂದೇ: ಅಡುಗೆಮನೆಯಿಂದ ನಗುನಗುತ್ತ ಎಲ್ಲರನ್ನೂ ಊಟಕ್ಕೆ ಕರೆಯುವ ದನಿ. ಈಗ ಅವಳು ಏನು ಹೇಳಿದರೂ ಅದೇ ರಾಗದಲ್ಲಿ ಬರುತ್ತಿತ್ತು.

ಹೋದ ಸಲ ತಿಂಗಳುಗಟ್ಟಲೆ ಗೊಗ್ಗರಾಗಿದ್ದ ಗಂಟಲಿಗೆ ಬರೀ ಕಷಾಯ ಕುಡಿದು ಕೂತಿದ್ದವಳು, ಈ ಸಲ ಸುಮ್ಮನಿರಬಾರದೆಂದು ಹಜಾರದಲ್ಲಿದ್ದ ಗಂಡನಿಗೆ ಹೇಳಿದಳು: “ರೀ, ಕುತ್ತಿಗೇಲಿ ಮತ್ತೆ ಗಂಟು ಕೈಗೆ ಸಿಗ್ತಿದೆ. ಭಯ ಆಗ್ತಿದೆ.”

“ಬಂದೆ ಮಾರಾಯ್ತಿ, ಪೇಪರ್ ಓದೋಕೂ ಬಿಡಲ್ವಲ್ಲ!” ಪ್ರಭಾಕರ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತ. “ಇವತ್ತೇನು ಹುಳಿ?”

ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯಾದರೂ ಜೋರಾಗಿ ಅತ್ತಿದ್ದರೆ ಆ ದನಿಯೂ ಎಲ್ಲೋ ಉಳಿದಿರುತ್ತಿತ್ತು ಎಂದುಕೊಂಡಳು ಚಂಪಾ. ಬಡಿಸಲಿಲ್ಲ. ಅವನ ಒದ್ದೆ ಕೈಯನ್ನು ಹಿಡಿದು ತನ್ನ ಕುತ್ತಿಗೆಯ ಮೇಲಿಟ್ಟುಕೊಂಡಳು.