ಕಾದು ಕೇಳಿದವಳು

"ಅಕ್ಕಾ, ಆ ಪ... ಪ... ಪ..." ಎನ್ನುತ್ತ ಸಿಂಕಿನ ಕೆಳಗಿನಿಂದ ಕೈ ಚಾಚಿದ ಪ್ಲಂಬರ್, ಅಭ್ಯಾಸಬಲದಿಂದ ಅಲ್ಲಿಗೇ ಮಾತು ನಿಲ್ಲಿಸಿದ. ಊರಲ್ಲಾದರೆ ಇಷ್ಟು ಸಾಕು, ಯಾರಾದರೊಬ್ಬರು "ಪೈಪ್ ರೆಂಚ್ ತಾನೇ? ತಗೋ" ಎಂದು ಅವನ ಮಾತು ಮುಗಿಸಿಬಿಡುತ್ತಿದ್ದರು. ಅಡುಗೆಯಾಕೆ ಮುಗಿಸಲಿಲ್ಲ. ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಬಗ್ಗಿ ಅವನ ಮುಖವನ್ನೇ ನೋಡುತ್ತ ನಿಂತಳು. ಅವಳಿಗೆ ಕನ್ನಡದ ಒಂದಕ್ಷರವೂ ಬಾರದು. ಬೇರೆ ದಾರಿ ಕಾಣದೆ ಅವನು ಆ ಮಾತನ್ನು ಕೊನೆಯವರೆಗೂ ಎಳೆದು ತಂದ. "ಪೈಪ್ ರೆಂಚ್ ಕೊ... ಕೊಡಿ." ಅವಳು ತಲೆಯಾಡಿಸಿ, ಚೀಲವನ್ನೆಲ್ಲ ತಡಕಿ, ಸುತ್ತಿಗೆ ಕೊಟ್ಟಳು. ಇಬ್ಬರೂ ನಕ್ಕರು.

ಅವನ ಊರಿನ ಕ್ರೈಸ್ತ ಸಭೆಯಿಂದ ಹನ್ನೆರಡು ಮಂದಿ ಸಮುದ್ರ ದಾಟಿ, ಒಂದು ಚಿಕ್ಕ ಚರ್ಚು ನಡೆಸುತ್ತಿದ್ದ ಈ ವೃದ್ಧಾಶ್ರಮಕ್ಕೆ ಒಂದು ವಾರದ ಸೇವೆಗೆ ಬಂದಿದ್ದರು. ಹಾಡು ಬಲ್ಲವರು ಹಾಡುತ್ತಿದ್ದರು, ಪಾಸ್ಟರು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಪ್ರಾರ್ಥಿಸುತ್ತಿದ್ದರು, ನರ್ಸಮ್ಮ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದರು. ಪ್ಲಂಬರನಿಗೆ ಬಂದದ್ದು ನೀರಿನ ಕೆಲಸ. ಕಾಂಪೌಂಡಿನ ಆಚೆ ತುದಿಯ ಟ್ಯಾಂಕಿನಿಂದ ಅಡುಗೆಮನೆಗೆ ಪೈಪು ಎಳೆಯಬೇಕು. ಮೂವತ್ತು ಜನ ವೃದ್ಧರ ಅಡುಗೆಗೂ ಪಾತ್ರೆಗೂ ಬೇಕಾದ ನೀರನ್ನು ಅಡುಗೆಯಾಕೆ ಹತ್ತೊಂಬತ್ತು ವರ್ಷದಿಂದ ಅಂಗಳ ದಾಟಿ ಹೊತ್ತು ತರುತ್ತಿದ್ದಳು. ಅವಳ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗೆ ಜಗ್ಗಿತ್ತು.

ಊರಿನ ಸಭೆಯಲ್ಲಿ ಯಾರೂ ಅವನ ಉಗ್ಗನ್ನು ಆಡಿಕೊಂಡವರಲ್ಲ. ಕಷ್ಟವಿದ್ದದ್ದು ಅಲ್ಲೇ. ಎಲ್ಲರಿಗೂ ಅವನೆಂದರೆ ಪ್ರೀತಿ, ಆ ಪ್ರೀತಿಗೇ ಎಲ್ಲರೂ ಅವನ ಮಾತನ್ನು ತಾವೇ ಆಡಿ ಮುಗಿಸುತ್ತಿದ್ದರು. ಮದುವೆಯ ದಿನ ಪ್ರಮಾಣವನ್ನೂ ಅಂದಿನ ಪಾಸ್ಟರೇ ಪೂರ್ತಿ ಹೇಳಿ, ಇವನು ಬರೀ ತಲೆಯಾಡಿಸುವಂತೆ ಮಾಡಿದ್ದರು. ಹೆಂಡತಿಯಂತೂ ಅವನು ಬಾಯಿ ತೆರೆಯುವುದಕ್ಕೆ ಮುಂಚೆಯೇ "ಗೊತ್ತಾಯ್ತು ಬಿಡಿ, ಉಪ್ಪು ಕಮ್ಮಿ" ಎನ್ನುವಳು. ಹಲವು ಸಲ ಅವನು ಹೇಳಹೊರಟದ್ದು ಉಪ್ಪಿನ ವಿಷಯವೇ ಆಗಿರುತ್ತಿರಲಿಲ್ಲ.

ಈ ಅಡುಗೆಮನೆಯಲ್ಲಿ ಅವನ ಬಾಯಿ ಬಿಚ್ಚಿಕೊಂಡಿತು. ಅರ್ಥವೇ ಆಗದವರ ಮುಂದೆ ಉಗ್ಗಿದರೇನು, ಬಿಟ್ಟರೇನು! ಪೈಪು ಕೊಯ್ಯುತ್ತ, ಅದರ ತುದಿಗೆ ತಿರುಪಿನ ಗೆರೆ ಕೊರೆಯುತ್ತ, ಮಗಳ ನರ್ಸಿಂಗ್ ಪರೀಕ್ಷೆಯ ಕಥೆ ಹೇಳಿದ. ಮೂರು ಸಲ ಬಾತ್‌ರೂಮ್ ಒಡೆಸಿ ನಾಲ್ಕನೇ ಸಲ ಮೊದಲಿನ ಹಾಗೇ ಕಟ್ಟಿಸಿಕೊಂಡ ಮನೆ ಮಾಲೀಕನ ಕಥೆ ಹೇಳಿದ. ನಾಲ್ಕನೆಯ ದಿನ, ನಲ್ಲಿಯ ಕುತ್ತಿಗೆಗೆ ಟೇಪು ಸುತ್ತುತ್ತ, ಯಾರಿಗೂ ಹೇಳದಿದ್ದದ್ದನ್ನು ಹೇಳಿದ. "ಅಪ್ಪ ಹೋಗೋ ದಿನ ಕೀ... ಕೀರ್ತನೆ ಓದು ಮಗಾ ಅಂದ್ರು. ನಾನು ಬೈಬಲ್ ತೆಗೆದೆ. ಮೊ... ಮೊದಲನೇ ಮಾತಲ್ಲೇ ನಿಂತುಬಿಟ್ಟೆ. ತಂಗಿ ಪು... ಪುಸ್ತಕ ಇಸ್ಕೊಂಡು ತಾನೇ ಓದಿದ್ಳು. ನಾನೇ ಓದ್ತಿದ್ದೆ, ಅಕ್ಕ. ಸ್ವಲ್ಪ ಹೊ... ಹೊತ್ತು ಹಿಡೀತಿತ್ತು, ಅಷ್ಟೇ."

ಅವಳು ಒಲೆ ಸಣ್ಣ ಮಾಡಿ, ಒಂದು ಲೋಟ ಬಿಸಿ ಚಹಾ ಅವನ ಮುಂದಿಟ್ಟಳು. ಎದುರಿಗೆ ಸ್ಟೂಲು ಎಳೆದುಕೊಂಡು ಕೂತು, ತನ್ನ ಭಾಷೆಯಲ್ಲಿ ತಾನೂ ಏನನ್ನೋ ಹೇಳತೊಡಗಿದಳು. ನಡುವೆ ಅವಳ ಮಾತು ನಿಂತಿತು. ಪ್ಲಂಬರ್ ಟೇಪನ್ನು ಕೆಳಗಿಟ್ಟು ಕಾದ. ಏನು, ಯಾರ ಬಗ್ಗೆ, ಒಂದೂ ಅವನಿಗೆ ತಿಳಿಯಲಿಲ್ಲ. ಅವಳು ಮುಗಿಸುವ ತನಕ ಅವನು ಲೋಟ ಮುಟ್ಟಲಿಲ್ಲ.

ಆರನೆಯ ದಿನ ಎಲ್ಲ ಜೋಡಿಸಿ ವಾಲ್ವು ತಿರುಗಿಸಿದರೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮರುದಿನವೇ ಹೊರಡಬೇಕು. ಪೈಪಿನ ಉದ್ದಕ್ಕೂ ಕಿವಿಯಿಟ್ಟು ನಡೆದ. ಅಂಗಳದ ತಿರುವಿನಲ್ಲಿ ಗಾಳಿ ಕಟ್ಟಿಕೊಂಡಿತ್ತು. ಅಲ್ಲಿನ ಜೋಡಣೆ ಸಡಿಲಿಸಿದ, ಬುಸ್ಸೆಂದು ಗಾಳಿ ಹೋಯಿತು, ಮತ್ತೆ ಬಿಗಿದ. ಅಡುಗೆಮನೆಯಲ್ಲಿ ಮೊದಲು ಕೆಸರು ನೀರು, ಆಮೇಲೆ ತಿಳಿನೀರು ಸುರಿಯಿತು. ಅವನು ಓಡಿಬಂದಾಗ ಅಡುಗೆಯಾಕೆ ಎರಡೂ ಕೈ ನೀರಿಗೊಡ್ಡಿ, ಮಗುವಿನ ತಲೆ ನೇವರಿಸುವ ಹಾಗೆ ನೀರನ್ನು ನೇವರಿಸುತ್ತಿದ್ದಳು. ಪ್ಲಂಬರ್ ಬಾಗಿಲಲ್ಲೇ ನಿಂತು, ನನ್ನಿಂದ ಈ ಕೆಲಸ ಮಾಡಿಸಿದೆಯಲ್ಲ ಸ್ವಾಮಿ, ಎಂದು ಮನಸ್ಸಿನಲ್ಲೇ ಕೈ ಮುಗಿದ. ಆ ಪ್ರಾರ್ಥನೆಯಲ್ಲಿ ನೀರಿಗಿಂತ ಹೆಚ್ಚಿನದೇನೋ ಇತ್ತು.

ಮರುದಿನ ಬೆಳಿಗ್ಗೆ ಎಲ್ಲರೂ ಬಸ್ಸು ಹತ್ತಿದರು. ಅಡುಗೆಯಾಕೆ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲ ಮೆಟ್ಟಿಲು ಹಿಡಿದು ನಿಂತಳು. ಪ್ಲಂಬರನನ್ನೇ ನೋಡುತ್ತ, ರಾತ್ರಿಯೆಲ್ಲ ಉರುಹೊಡೆದವಳ ಹಾಗೆ, ಒಂದೇ ಉಸಿರಿಗೆ ಕನ್ನಡದಲ್ಲಿ ಹೇಳಿದಳು, "ಬ... ಬ... ಬರ್ತೀನಿ ಅಕ್ಕ."

ದಿನಾ ಸಂಜೆ ಕೆಲಸ ಮುಗಿಸಿ ಏಳುವಾಗ ಅವನು ಹೇಳುತ್ತಿದ್ದ ಮಾತು ಅದು. ಆ ಮಾತು ಇರುವುದೇ ಹಾಗೆಂದು ಅವಳು ತಿಳಿದಿದ್ದಳು. ಬಸ್ಸಿನೊಳಗೆ ಯಾರೋ ಕಿಸಕ್ಕೆಂದು ನಕ್ಕು, ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡರು.

ಪಾಸ್ಟರು ಮುಜುಗರದಿಂದ ಬಗ್ಗಿ, "ಹಾಗಲ್ಲಮ್ಮ. ಬರ್ತೀನಿ. ಅಕ್ಕ ಅಲ್ಲ, ಅಣ್ಣ" ಎಂದು ಕೈಯಾಡಿಸಿ ತಿದ್ದಲು ಹೋದರು. ಅವಳ ಮುಖ ಸಪ್ಪಗಾಯಿತು. ತಪ್ಪಾಯಿತೇ ಎಂಬಂತೆ ಪ್ಲಂಬರನ ಕಡೆ ನೋಡಿದಳು.

ಪ್ಲಂಬರ್ ಸೀಟಿನಿಂದ ಎದ್ದು ನಿಂತ. ಅಷ್ಟು ಜನರ ನಡುವೆ ಅವನು ಮಾತಿಗೆಂದು ಎದ್ದದ್ದು ಅದೇ ಮೊದಲು.

"ತಿ... ತಿದ್ದಬೇಡಿ, ಪಾಸ್ಟರೇ. ಅವರಿಗೆ ಅದನ್ನ ಕ... ಕಲಿಸಿದ್ದು ನಾನು. ಅವರು ಸ... ಸ... ಸ..."

ಪಾಸ್ಟರ ಬಾಯಿ ಅರ್ಧ ತೆರೆದು ಮುಚ್ಚಿಕೊಂಡಿತು. ನರ್ಸಮ್ಮ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡರು. ಡ್ರೈವರನೂ ಇಂಜಿನ್ ಆರಿಸಿ ತಿರುಗಿ ಕೂತ. ಇಡೀ ಬಸ್ಸು ಕಾದಿತು.

"...ಸರಿಯಾಗೇ ಹೇಳಿದಾರೆ."