ಚಪ್ಪಲಿಯ ಸದ್ದು

"ನಗಿಸಿದ್ದು ಸಾಕಮ್ಮ, ಇನ್ನು ಸ್ವಲ್ಪ ಅಳಿಸಿ," ಎಂದ ಫೋಟೋಗ್ರಾಫರ್.

ಬನ್ನು ಮಾತ್ರ ನಗುತ್ತಲೇ ಇದ್ದಳು. ಮೂರು ತುಂಬಿದ ಹುಡುಗಿ. ಉಬ್ಬಿದ ಕೆನ್ನೆಗಳಿಂದಾಗಿ ಮನೆಯಲ್ಲಿ ಆ ಹೆಸರು. ಮಕ್ಕಳ ಮುಲಾಮಿನ ಜಾಹೀರಾತಿಗೆ ಎರಡು ಫೋಟೋ ಬೇಕಿತ್ತು: ಹಚ್ಚುವ ಮೊದಲು ಅಳುವ ಮಗು, ಹಚ್ಚಿದ ಮೇಲೆ ನಗುವ ಮಗು. ನಗುವುದು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದಿತ್ತು. ಅಳುವಿಗಾಗಿ ಇಡೀ ಸ್ಟುಡಿಯೋ ಹೆಣಗುತ್ತಿತ್ತು. ಮೇಕಪ್ಪಿನ ಹೆಂಗಸು ಗೊಂಬೆ ಕಿತ್ತುಕೊಂಡರೆ, ಬನ್ನು "ಇದೂ ತಗೋ" ಎಂದು ತಲೆಯ ಕ್ಲಿಪ್ಪನ್ನೂ ಬಿಚ್ಚಿ ಕೊಟ್ಟಳು. ಫೋಟೋಗ್ರಾಫರ್ ಕಣ್ಣು ಕೆಂಪಗೆ ಮಾಡಿ ಗದರಿದ. "ಇನ್ನೊಂದ್ಸಲ ಮಾಡು ಮಾಮ!" ಎಂದು ಚಪ್ಪಾಳೆ ತಟ್ಟಿದಳು.

"ಎಲ್ಲರೂ ಅಳೋ ಮಕ್ಕಳನ್ನ ತಂದು, ನಗಿಸು ಅಂತ ನನ್ನ ಪ್ರಾಣ ತಿಂತಾರೆ. ನಿಮ್ಮದು ಉಲ್ಟಾ ಕೇಸು," ಎಂದು ಅವನು ಕ್ಯಾಮೆರಾ ಕೆಳಗಿಟ್ಟ. "ಹೊರಗಡೆ ಇನ್ನೊಂದು ಮಗು ಕೂತಿದೆ. ಅದು ಎರಡೂ ಮಾಡುತ್ತಂತೆ."

ಆ ಇನ್ನೊಂದು ಮಗುವನ್ನು ಬನ್ನುವಿನ ತಾಯಿಯೂ ಬರುವಾಗ ನೋಡಿದ್ದಳು. ತನ್ನ ಮಗಳ ಮುಂದೆ ಅದು ಏನೇನೂ ಅಲ್ಲ ಎಂದುಕೊಂಡಿದ್ದಳು. "ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ" ಎಂದು ಮನೆಯಲ್ಲಿ ಅತ್ತೆ ಚುಚ್ಚಿದರೂ, ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಂಡಕಂಡವರೆಲ್ಲ "ಈ ಮಗು ಟೀವಿಯಲ್ಲಿ ಬರಬೇಕು" ಎಂದಿದ್ದನ್ನೇ ನಂಬಿ ಅವಳು ಎಷ್ಟೋ ಬಾಗಿಲು ತಟ್ಟಿದ್ದಳು. ಈಗ ಒಂದು ಬಾಗಿಲು ತೆರೆದಿತ್ತು. ಕೈಗೆ ಬಂದ ತುತ್ತು ಬಾಯಿಗಿಲ್ಲ ಎನ್ನಿಸಿದ ಆ ಗಳಿಗೆಯಲ್ಲಿ ಅವಳ ಬಾಯಿಂದ ಮಾತು ಜಾರಿತು.

"ನಾನು ಚಪ್ಪಲಿ ಹಾಕ್ಕೊಂಡ್ರೆ ಅಳ್ತಾಳೆ ಸರ್."

ಸುಳ್ಳಲ್ಲ. ಮನೆಯಲ್ಲಿ ಹಾಲು ತರಲು ಹೋಗಬೇಕಾದರೂ ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆ ಇಟ್ಟು ಮೆಟ್ಟಿಲಿಳಿದು, ಕೆಳಗೆ ಹೋಗಿ ಹಾಕಿಕೊಳ್ಳಬೇಕಿತ್ತು. ಸದ್ದು ಕಿವಿಗೆ ಬಿತ್ತೋ, ಬನ್ನು ಎಲ್ಲಿದ್ದರೂ ಓಡಿಬಂದು ಕಾಲು ತಬ್ಬಿ ಗೋಳೋ ಎನ್ನುತ್ತಿದ್ದಳು. ಕತ್ತಲೆಗೆ ಹೆದರದ, ನಾಯಿಗೆ ಹೆದರದ ಹುಡುಗಿಗೆ ಇದ್ದ ಭಯ ಅದೊಂದೇ. "ಇವಳ ಕಾಟದಲ್ಲಿ ಹೊಸಿಲು ದಾಟೋ ಹಾಗಿಲ್ಲ" ಎಂದು ತಾಯಿ ಎಲ್ಲರ ಮುಂದೂ ದೂರುತ್ತಿದ್ದಳು. ಆ ದೂರಿನ ತುಂಬ ಇದ್ದದ್ದು ಹೆಮ್ಮೆ.

ನೆಲಕ್ಕೆ ಹಾಸಿದ ಬಿಳಿ ಹಾಳೆ ಕೊಳೆಯಾಗಬಾರದೆಂದು ಎಲ್ಲರೂ ಬಾಗಿಲ ಬಳಿಯೇ ಚಪ್ಪಲಿ ಬಿಟ್ಟಿದ್ದರು. ತಾಯಿ ಹೋಗಿ ತನ್ನದನ್ನು ಮೆಟ್ಟಿ, ಬೇಕೆಂದೇ ಟಪಟಪ ಎನ್ನಿಸಿದಳು. ಬನ್ನುವಿನ ನಗು ನಿಂತಿತು.

"ಬನ್ನೂ, ಅಮ್ಮ ಹೋಗ್ತೀನಿ. ಇನ್ನು ಬರಲ್ಲ."

ಇನ್ನು ಬರಲ್ಲ ಎಂದು ಹೇಳಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಗಿಲು ಮುಚ್ಚುವ ಮುನ್ನ ಅವಳು ಕಂಡದ್ದು ಇಷ್ಟು: ಬನ್ನು ಎರಡೂ ಕೈ ಚಾಚಿ ಬಾಯಿ ತೆರೆದಿದ್ದಳು, ಆದರೆ ನಿಂತಲ್ಲಿಂದ ಕದಲಿರಲಿಲ್ಲ. ನೆಲಕ್ಕೆ ಅಂಟಿಸಿದ್ದ ಕೆಂಪು ಟೇಪಿನ ಗುರುತು ಬಿಟ್ಟು ಆಚೀಚೆ ಹೋಗಬಾರದು, ಹೋದರೆ ಫೋಟೋ ಕೆಡುತ್ತದೆ ಎಂದು ಬೆಳಿಗ್ಗೆಯಿಂದ ಅವಳಿಗೆ ಬುದ್ಧಿ ಹೇಳಿದ್ದವಳು ಅಮ್ಮನೇ.

ಬಾಗಿಲಾಚೆ ಅಳು ಏರಿತು. ತಾಯಿಯ ಕೈ ಬಾಗಿಲ ಹಿಡಿಯ ಮೇಲೆ ಹೋಯಿತು.

"ಈಗಲೇ ಬರ್ಬೇಡೀ! ಕಣ್ಣೀರು ಕೆನ್ನೆಗಿಳೀಲಿ!" ಒಳಗಿನಿಂದ ಫೋಟೋಗ್ರಾಫರ್ ಕೂಗಿದ.

ಅವಳು ಕೈ ಹಿಂದೆ ತೆಗೆದಳು. ಇಂದಿಗೂ ಅವಳನ್ನು ಸುಡುವುದು ಅದೇ. ಚಪ್ಪಲಿ ಹಾಕಿದ್ದಕ್ಕೆ ಆಸೆ ಕಾರಣ ಎನ್ನಬಹುದು, ಬಾಯಿ ಜಾರಿದ್ದಕ್ಕೆ ಗಾಬರಿ ಕಾರಣ ಎನ್ನಬಹುದು. ಮಗಳ ಅಳು ಕೇಳುತ್ತಾ ಬಾಗಿಲ ಹೊರಗೆ ನಿಂತದ್ದಕ್ಕೆ ಯಾವ ನೆಪವೂ ಅವಳಿಗೆ ಸಿಕ್ಕಿಲ್ಲ.

ಒಳಗೆ ಕರೆದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. "ಭಲೇ ಹುಡುಗಿ! ಅತ್ರೆ ಹೀಗೆ ಅಳ್ಬೇಕು!" ಎಂದು ಫೋಟೋಗ್ರಾಫರ್ ಚಾಕೊಲೇಟು ಕೊಟ್ಟ. ಬನ್ನು ಬಿಕ್ಕುತ್ತಲೇ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ಅಮ್ಮನ ಮುಖ ನೋಡಿದಳು. ಎಲ್ಲರೂ ನಗುತ್ತಿರುವಾಗ ತಾನೊಬ್ಬಳೇ ಸಪ್ಪೆ ಮುಖ ಮಾಡಿದರೆ ಚೆನ್ನಾಗಿರುವುದಿಲ್ಲವೆಂದು ತಾಯಿ ಅವಳನ್ನು ಎತ್ತಿಕೊಂಡು, "ಜಾಣೆ ನನ್ನ ಬನ್ನು, ಎಷ್ಟು ಚೆನ್ನಾಗಿ ಅತ್ತೆ!" ಎಂದಳು.

ಸಂಜೆ ಮನೆಯಲ್ಲಿ ಹಾಲು ಮುಗಿದಿತ್ತು. ಅಭ್ಯಾಸದಂತೆ ತಾಯಿ ಚಪ್ಪಲಿಯನ್ನು ಕೈಗೆತ್ತಿಕೊಂಡವಳು, ಏನೋ ಅನ್ನಿಸಿ, ಹೊಸಿಲ ಬಳಿ ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ಟಪಟಪ ಎನ್ನಿಸಿದಳು. ಮಗಳು ಓಡಿಬಂದು ಕಾಲು ತಬ್ಬಿದರೆ ಅಲ್ಲೇ ಕೂತು, ನಾನೆಲ್ಲೂ ಹೋಗಲ್ಲ ಕಂದ, ತಪ್ಪಾಯಿತು ಎಂದು ಹೇಳಿಬಿಡಬೇಕೆಂದಿದ್ದಳು.

"ಏನೇ ಇದು, ಸುಮ್ನಿರೋ ಮಗೂನ ಅಳಿಸೋಕೆ ಹೊರಟಿದ್ದೀಯಾ?" ಎಂದರು ಅತ್ತೆ ಒಳಗಿನಿಂದ.

ಬನ್ನು ಗೊಂಬೆ ಬಿಟ್ಟು ಎದ್ದಳು. ಓಡಿ ಬರಲಿಲ್ಲ. ನಡುಮನೆಯ ನೆಲದಲ್ಲಿ ಒಂದು ಚೌಕ ನೋಡಿಕೊಂಡು, ಅದರ ಮೇಲೆ ಎರಡೂ ಪಾದ ಜೋಡಿಸಿ ನಿಂತಳು. ಮೇಕಪ್ಪಿನ ಹೆಂಗಸು ಮಾಡಿದ ಹಾಗೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು. ಆಮೇಲೆ ಎದುರಿನ ಬರಿ ಗೋಡೆಯನ್ನು ನೋಡುತ್ತಾ ಕೇಳಿದಳು:

"ಅಮ್ಮಾ, ಈಗ ಅಳ್ಬೇಕಾ?"